ಕಾಲಂಗೆ ಒಗ್ಗದ ಅರಿವು: ಬಶೀರಾಬಾದ್–ಜಹೀರಾಬಾದ್ ಸೀಮೆಯಲ್ಲಿ ವರ್ಗೀಕರಣದ ಚರಿತ್ರೆ

ತೆಲಂಗಾಣದ ವಿಕಾರಾಬಾದ್ ಜಿಲ್ಲೆಯ ಬಶೀರಾಬಾದ್ ಮಂಡಲ ಕರ್ನಾಟಕದ ಕಲಬುರಗಿ ಜಿಲ್ಲೆಗೆ ಅಂಟಿಕೊಂಡಿದೆ. ಅಲ್ಲಿಯ ಕಪ್ಪು ನೆಲದಲ್ಲಿ ಬೆಳೆಯುವ ಕಾಳನ್ನು ಕನ್ನಡದ ಮನೆಯವರು ತೊಗರಿ ಎನ್ನುತ್ತಾರೆ, ತೆಲುಗಿನ ಮನೆಯವರು ಕಂದಿ ಎನ್ನುತ್ತಾರೆ. ಈ ಕಾಳಿಗೆ ಇಂದು ಎರಡು ಭೌಗೋಳಿಕ ಸೂಚಿಕೆಗಳಿವೆ. 2019ರಲ್ಲಿ ಗುಲ್ಬರ್ಗಾ ತೊಗರಿಬೇಳೆಗೂ 2022ರಲ್ಲಿ ತಾಂಡೂರು ತೊಗರಿಗೂ ಪ್ರತ್ಯೇಕ ಮಾನ್ಯತೆ ದೊರೆಯಿತು. ನೆಲದಡಿಯ ಸುಣ್ಣಕಲ್ಲಿನ ಸಂಗತಿಯೂ ಹೀಗೆಯೇ. ಅದು ಭೀಮಾ ಕಣಿವೆಯ ಒಂದೇ ಶಿಲಾಸಮೂಹಕ್ಕೆ ಸೇರಿದ್ದು. ಗಡಿಯ ಆಚೆ ಶಹಾಬಾದ್ ಕಲ್ಲೆಂದೂ ಈಚೆ ತಾಂಡೂರು ಕಲ್ಲೆಂದೂ ಮಾರಾಟವಾಗುತ್ತದೆ. ಇದರಲ್ಲಿ ತಪ್ಪೇನೂ ಇಲ್ಲ. ಊರಿನ ಹೆಸರಿಗೆ ಕಟ್ಟುಬಿದ್ದ ಮಾನ್ಯತೆ ಊರಿನಿಂದ ಊರಿಗೆ ಬೇರೆಯಾಗುವುದು ಸಹಜ. ಆದರೆ ‘ಇವೆರಡೂ ಒಂದೆಯೋ, ಬೇರೆಯೋ’ ಎಂಬ ಪ್ರಶ್ನೆ ಈ ಸೀಮೆಯಲ್ಲಿ ಕಾಳು, ಕಲ್ಲುಗಳಿಗೆ ಮಾತ್ರ ಬಂದುದಲ್ಲ. ಮಣ್ಣು, ಮಾತು, ಜಾತಿ, ಊರು, ಬೆಳೆ, ಕಳೆ ಎಲ್ಲವೂ ಒಂದಲ್ಲ ಒಂದು ಕಾಲದಲ್ಲಿ ಯಾವುದೋ ಪಟ್ಟಿಯ ಮುಂದೆ ನಿಂತು ಈ ಪ್ರಶ್ನೆಗೆ ಉತ್ತರ ಹೇಳಬೇಕಾಯಿತು.

ಮಾಹಿತಿ ವಿಜ್ಞಾನದಲ್ಲಿ ಇಂಥವನ್ನು ಆಂಟಾಲಜಿ ರಚನೆಯ ಸಮಸ್ಯೆಗಳೆಂದು ಕರೆಯುತ್ತಾರೆ. ಇರವಿನ ಸ್ವರೂಪವನ್ನು ವಿಚಾರಿಸುವ ತತ್ತ್ವಶಾಖೆಯ ಈ ಹೆಸರನ್ನು ಗಣಕ ವಿಜ್ಞಾನ ಎರವಲು ಪಡೆಯಿತು. 1993ರಲ್ಲಿ ಟಾಮ್ ಗ್ರೂಬರ್ ಅದನ್ನು ಒಂದು ಪರಿಕಲ್ಪನಾ ವ್ಯವಸ್ಥೆಯ ಸ್ಪಷ್ಟ ನಿರೂಪಣೆ ಎಂಬ ಅರ್ಥದಲ್ಲಿ ವಿವರಿಸಿದ ಮೇಲೆ ಆ ಬಳಕೆ ನೆಲೆಗೊಂಡಿತು. ಒಂದು ಕ್ಷೇತ್ರದಲ್ಲಿ ಯಾವ ಯಾವ ಬಗೆಯ ವಸ್ತುಗಳಿವೆ, ಯಾವುದು ಯಾವುದರೊಳಗೆ ಸೇರುತ್ತದೆ, ಅವುಗಳ ನಡುವಣ ಸಂಬಂಧವೇನು ಎಂಬುದನ್ನು ಮಾಹಿತಿ ತುಂಬುವ ಮೊದಲೇ ಗೊತ್ತುಮಾಡಿಕೊಳ್ಳುವುದು ಇದರ ಕೆಲಸ. ಹೆಸರು ಹೊಸದು, ಕೆಲಸ ಹಳೆಯದು. ಜಮಾಬಂದಿಯ ಅಧಿಕಾರಿ, ಜನಗಣತಿಯ ಎಣಿಕೆದಾರ, ರಾಜ್ಯಗಳ ಪುನರ್ವಿಂಗಡಣೆಯ ಕರಡು ಬರೆದವರು, ಎಲ್ಲರೂ ಮಾಡಿದ್ದು ಇದನ್ನೇ.

ಈ ಲೇಖನದ ವಾದವನ್ನು ಮೊದಲೇ ಹೇಳಬಹುದು. ದಾಖಲೆಗಳು ತೀರ್ಮಾನಗಳನ್ನು ಉಳಿಸುತ್ತವೆ. ತೀರ್ಮಾನಕ್ಕೆ ಮುನ್ನ ಇದ್ದ ತಕರಾರನ್ನು ಸಾಮಾನ್ಯವಾಗಿ ಉಳಿಸುವುದಿಲ್ಲ. ಆದರೆ ಗಡಿಸೀಮೆಯ ಸಮುದಾಯಗಳ ಅರಿವಿನ ದೊಡ್ಡ ಪಾಲು ಆ ತಕರಾರಿನಲ್ಲಿಯೇ ಇದೆ. ಪಟ್ಟಿ ಎಲ್ಲಿ ಸೋಲುತ್ತದೆ ಎಂಬುದನ್ನು ಪಟ್ಟಿಯೊಳಗೆ ಬದುಕುವವರು ಬಲ್ಲರು. ಅವರ ಪದಗಳನ್ನು ಸಂಗ್ರಹಿಸುವ ಪರಿಪಾಠ ನಮ್ಮಲ್ಲಿ ಬೆಳೆದಿದೆ. ಅವರ ತಕರಾರುಗಳನ್ನು ಸಂಗ್ರಹಿಸುವ ಪರಿಪಾಠ ಇನ್ನೂ ಬೆಳೆಯಬೇಕಾಗಿದೆ.

1. ಘಟಕ ಯಾವುದು?

ಪುನರ್ವಿಂಗಡಣೆಗೆ ಮೊದಲು ಈ ಸೀಮೆಯೆಲ್ಲ ಹೈದರಾಬಾದ್ ರಾಜ್ಯದಲ್ಲಿತ್ತು. ತಾಂಡೂರು ಮತ್ತು ಕೊಡಂಗಲ್ ತಾಲೂಕುಗಳು ಗುಲ್ಬರ್ಗಾ ಜಿಲ್ಲೆಗೆ, ಜಹೀರಾಬಾದ್ ಮತ್ತು ನಾರಾಯಣಖೇಡ ತಾಲೂಕುಗಳು ಬೀದರ್ ಜಿಲ್ಲೆಗೆ ಸೇರಿದ್ದವು. ಬೀದರ್ ಜಿಲ್ಲೆಯಲ್ಲಿ ಕನ್ನಡ, ಮರಾಠಿ, ತೆಲುಗು, ಉರ್ದು ನಾಲ್ಕೂ ನೆಲೆಸಿದ್ದವು. ಅದನ್ನು ಒಂದು ಭಾಷೆಯ ಜಿಲ್ಲೆ ಎನ್ನುವಂತಿರಲಿಲ್ಲ. ಫಜಲ್ ಅಲಿ ಅಧ್ಯಕ್ಷತೆಯ ರಾಜ್ಯ ಪುನರ್ವಿಂಗಡಣಾ ಆಯೋಗ 1955ರಲ್ಲಿ ವರದಿ ಸಲ್ಲಿಸಿದಾಗ, ಸಾಮಾನ್ಯವಾಗಿ ಜಿಲ್ಲೆಯನ್ನೇ ಘಟಕವಾಗಿ ಹಿಡಿಯಿತು. ಬೀದರನ್ನು ಉಳಿಕೆ ಹೈದರಾಬಾದ್ ರಾಜ್ಯದೊಂದಿಗೆ ಇರಿಸುವಂತೆ ಸೂಚಿಸಿತು. 1956ರ ಪುನರ್ವಿಂಗಡಣಾ ಕಾಯ್ದೆ ಬೇರೆ ದಾರಿ ಹಿಡಿಯಿತು. ಬೀದರ್ ಜಿಲ್ಲೆ ಮೂರು ಪಾಲಾಯಿತು. ಅಹಮದಪುರ, ನಿಲಂಗಾ, ಉದಗೀರ ತಾಲೂಕುಗಳು ಮುಂಬಯಿ ರಾಜ್ಯಕ್ಕೆ ಹೋದವು. ನಾರಾಯಣಖೇಡ ತಾಲೂಕು, ನಿರ್ಣಾ ಸರ್ಕಲ್ಲನ್ನು ಬಿಟ್ಟು ಉಳಿದ ಜಹೀರಾಬಾದ್ ತಾಲೂಕು ಮತ್ತು ಬೀದರ್ ತಾಲೂಕಿನ ನ್ಯಾಲಕಲ್ ಸರ್ಕಲ್ ಆಂಧ್ರಪ್ರದೇಶಕ್ಕೆ ಬಂದವು. ಮಿಕ್ಕದ್ದು ಮೈಸೂರಿಗೆ. ಗುಲ್ಬರ್ಗಾ ಜಿಲ್ಲೆಯಿಂದ ತಾಂಡೂರು ಮತ್ತು ಕೊಡಂಗಲ್ ಆಂಧ್ರಪ್ರದೇಶಕ್ಕೆ ಸೇರಿದವು.

ನಿರ್ಣಾ ಮತ್ತು ನ್ಯಾಲಕಲ್ಲಿನ ವಿಂಗಡಣೆಯನ್ನು ಇತಿಹಾಸಕಾರರು ಗಮನವಿಟ್ಟು ನೋಡಬೇಕು. ಇಲ್ಲಿ ಜಿಲ್ಲೆಯೂ ಅಲ್ಲದ, ತಾಲೂಕೂ ಅಲ್ಲದ, ಹಳ್ಳಿಯೂ ಅಲ್ಲದ ಒಂದು ಘಟಕ ನಿರ್ಣಾಯಕವಾಯಿತು: ಕಂದಾಯ ವಸೂಲಿಯ ಅನುಕೂಲಕ್ಕಾಗಿ ಹುಟ್ಟಿದ ಸರ್ಕಲ್. ತೆರಿಗೆಯ ಲೆಕ್ಕಕ್ಕೆಂದು ಗುಂಪುಗೂಡಿಸಿದ ಹಳ್ಳಿಗಳು ಭಾಷೆಯ ಲೆಕ್ಕದಲ್ಲಿಯೂ ಒಂದೇ ಗುಂಪಾಗಿ ಎಣಿಕೆಗೆ ಬಂದವು. ಸರ್ಕಲ್ಲಿನ ಗೆರೆಯನ್ನು ಎಳೆದವರ ಮನಸ್ಸಿನಲ್ಲಿ ಭಾಷೆ ಇರಲಿಲ್ಲ. ಭಾಷೆಯ ಗಡಿ ಎಳೆದವರ ಕೈಯಲ್ಲಿ ಸರ್ಕಲ್ಲಿಗಿಂತ ಸೂಕ್ಷ್ಮವಾದ ಸಾಧನ ಸಿದ್ಧವಿರಲಿಲ್ಲ. ಒಂದು ಉದ್ದೇಶಕ್ಕೆ ಮಾಡಿದ ವರ್ಗವನ್ನು ಇನ್ನೊಂದು ಉದ್ದೇಶಕ್ಕೆ ಹೊರಿಸುವುದು ಆಂಟಾಲಜಿ ರಚಿಸುವವರು ಇಂದಿಗೂ ಪದೇ ಪದೇ ಎಡವುವ ಜಾಗ.

ಬೇರೆ ಘಟಕ ಸಾಧ್ಯವಿತ್ತೆಂಬುದಕ್ಕೆ ಆ ಕಾಲದ ಉದಾಹರಣೆಯೇ ಇದೆ. ಆಂಧ್ರ ಮತ್ತು ಮದರಾಸಿನ ನಡುವಣ ವ್ಯಾಜ್ಯವನ್ನು ಪರಿಶೀಲಿಸಿದ ಎಚ್.ವಿ. ಪಾಟಸ್ಕರ್ ಹಳ್ಳಿಯನ್ನೇ ಘಟಕವಾಗಿ ಹಿಡಿದು, ಭಾಷಾ ಬಹುಮತ ಮತ್ತು ಭೌಗೋಳಿಕ ಸಂಲಗ್ನತೆಯನ್ನು ಅಳತೆಗೋಲಾಗಿ ಬಳಸಿದರು. ಅದರ ಮೇಲೆ 1959ರಲ್ಲಿ ಗಡಿ ಬದಲಾವಣೆಯ ಕಾಯ್ದೆ ಬಂದಿತು. ಹಳ್ಳಿಯ ಘಟಕವೂ ಎಲ್ಲ ತೊಡಕನ್ನು ಬಗೆಹರಿಸುವುದಿಲ್ಲ. ಒಂದೇ ಹಳ್ಳಿಯ ಎರಡು ಓಣಿಗಳಲ್ಲಿ ಎರಡು ಭಾಷೆ ಇರಬಹುದು, ಒಂದೇ ಮನೆಯ ಅಡುಗೆಮನೆಗೂ ಪಡಸಾಲೆಗೂ ಬೇರೆ ಬೇರೆ ಮಾತಿರಬಹುದು. ಆದರೆ ಘಟಕದ ಆಯ್ಕೆಯೇ ಫಲಿತಾಂಶವನ್ನು ಬಹುಪಾಲು ನಿರ್ಧರಿಸುತ್ತದೆ ಎಂಬ ಪಾಠ ಸ್ಪಷ್ಟವಾಗಿದೆ. ಆ ಆಯ್ಕೆಯ ಮುಂದೆ ಈ ಊರುಗಳ ಜನ ಏನು ಯೋಚಿಸಿದರು, ಯಾವ ಸಂತೆಗೆ, ಯಾವ ಜಾತ್ರೆಗೆ, ಯಾವ ಊರಿನ ಬೀಗತನಕ್ಕೆ ತಮ್ಮ ಸೀಮೆ ಸೇರಿದ್ದೆಂದು ತಿಳಿದರು ಎಂಬುದಕ್ಕೆ ಕಾಯ್ದೆಯ ಪಠ್ಯದಲ್ಲಿ ಸ್ಥಳವಿರಲಿಲ್ಲ.

2. ಮಾತಿಗೆ ಒಂದೇ ಕಾಲಂ

ತಾಂಡೂರಿನ ಮಗ್ಗುಲಲ್ಲಿ ಹರಿದು ಕರ್ನಾಟಕವನ್ನು ಪ್ರವೇಶಿಸುವ ಕಾಗಿಣಾ ನದಿಯ ದಂಡೆಯಲ್ಲಿಯೇ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವಿತ್ತು. ಅಲ್ಲಿ ಒಂಬತ್ತನೆಯ ಶತಮಾನದಲ್ಲಿ ರಚಿತವಾದ ಕವಿರಾಜಮಾರ್ಗ ಕಾವೇರಿಯಿಂದ ಗೋದಾವರಿಯವರೆಗಿನ ನಾಡನ್ನು ಕನ್ನಡ ನಾಡೆಂದು ಗುರುತಿಸಿದ್ದನ್ನು ಎಲ್ಲರೂ ನೆನೆಯುತ್ತಾರೆ. ಅದೇ ಗ್ರಂಥ ಕನ್ನಡಗಳು ಹಲವಿವೆಯೆಂಬುದನ್ನೂ ಅವುಗಳ ಬಗೆಗಳನ್ನು ಎಣಿಸಿ ಮುಗಿಸುವುದು ಕಷ್ಟವೆಂಬುದನ್ನೂ ಒಪ್ಪಿಕೊಂಡಿತ್ತು. ಗಡಿಯನ್ನು ಹೇಳುವಾಗಲೇ ಗಡಿಯೊಳಗಿನ ವೈವಿಧ್ಯವನ್ನು ಹೇಳಿದ ಆ ಎಚ್ಚರ ಮುಂದಿನ ಪಟ್ಟಿಗಳಲ್ಲಿ ಉಳಿಯಲಿಲ್ಲ.

ಗ್ರಿಯರ್‌ಸನ್ ನಡೆಸಿದ ಭಾರತದ ಭಾಷಾ ಸಮೀಕ್ಷೆ ಹೈದರಾಬಾದ್ ಮತ್ತು ಮೈಸೂರು ಸಂಸ್ಥಾನಗಳನ್ನೂ ಮದರಾಸು ಪ್ರಾಂತ್ಯವನ್ನೂ ತನ್ನ ಕ್ಷೇತ್ರದಿಂದ ಹೊರಗಿರಿಸಿತು. ಹೀಗಾಗಿ ಕಾಗಿಣಾ ಮತ್ತು ಮಾಂಜ್ರಾ ನದಿಗಳ ನಡುವಣ ಕನ್ನಡ ಆ ಮಹಾ ಸಮೀಕ್ಷೆಯ ಕಣ್ಣಿಗೆ ನೇರವಾಗಿ ಬೀಳಲಿಲ್ಲ. ಉಳಿದದ್ದು ಜನಗಣತಿ. 1961ರ ಜನಗಣತಿ 1652 ಮಾತೃಭಾಷೆಗಳನ್ನು ಪಟ್ಟಿ ಮಾಡಿತು. 1971ರಿಂದ ಹತ್ತು ಸಾವಿರಕ್ಕಿಂತ ಕಡಿಮೆ ಮಂದಿ ಆಡುವ ಮಾತುಗಳ ಹೆಸರನ್ನು ಪ್ರಕಟಿಸದಿರುವ ಕ್ರಮ ಬಂದಿತು. 2011ರಲ್ಲಿ ಜನರು ಹೇಳಿದ ಹೆಸರುಗಳು 19,569; ಪರಿಷ್ಕರಣೆಯ ಬಳಿಕ ಉಳಿದವು 1369; ಅವನ್ನು ಗುಂಪುಗೂಡಿಸಿದ ಮೇಲೆ ಭಾಷೆಗಳು 121. ಬಡಗ ಕನ್ನಡದ ಕೆಳಗೆ ಬಂದಿತು. ತಾಂಡೂರು, ನಾರಾಯಣಖೇಡ ಸೀಮೆಯ ತಾಂಡಾಗಳಲ್ಲಿ ಕೇಳಿಬರುವ ಲಂಬಾಣಿ ಹಿಂದಿಯ ಕೆಳಗೆ ಸೇರಿತು. 19,569ಕ್ಕೂ 121ಕ್ಕೂ ನಡುವೆ ನಡೆದ ಸಾವಿರಾರು ತೀರ್ಮಾನಗಳಲ್ಲಿ ಪ್ರತಿಯೊಂದಕ್ಕೂ ಒಂದು ಕಾರಣವಿದ್ದೀತು. ಆ ಕಾರಣಗಳು ತಾಂಡಾದ ಜನರಿಗೆ ಮರಳಿ ತಲುಪುವ ದಾರಿ ಮಾತ್ರ ಇರಲಿಲ್ಲ.

ಲಂಬಾಣಿಗರ ಉದಾಹರಣೆ ಭಾಷೆಗೆ ನಿಲ್ಲುವುದಿಲ್ಲ. 1976ರ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ತಿದ್ದುಪಡಿ ಕಾಯ್ದೆ ರಾಜ್ಯಗಳೊಳಗಿನ ಪ್ರಾದೇಶಿಕ ನಿರ್ಬಂಧಗಳನ್ನು ಬಹುಮಟ್ಟಿಗೆ ತೆಗೆದುಹಾಕಿತು. ಆ ಬಳಿಕ ತೆಲಂಗಾಣ ಭಾಗದ ಲಂಬಾಡಿಗಳು ಪರಿಶಿಷ್ಟ ಪಂಗಡವೆಂದೂ, ಗಡಿಯಾಚೆ ಕಲಬುರಗಿ, ಬೀದರ್ ಕಡೆಯ ಲಂಬಾಣಿಗರು ಪರಿಶಿಷ್ಟ ಜಾತಿಯೆಂದೂ ಗಣನೆಗೆ ಬಂದರು. ಮಹಾರಾಷ್ಟ್ರದಲ್ಲಿ ಅದೇ ಸಮುದಾಯ ವಿಮುಕ್ತ ಜಾತಿಗಳ ಪಟ್ಟಿಯಲ್ಲಿದೆ. ಅಣ್ಣನ ಮನೆ ಈಚೆ, ತಂಗಿಯ ಮನೆ ಆಚೆ ಇರುವ ಸೀಮೆಯಲ್ಲಿ ಒಂದೇ ಬಳಗ ಎರಡು ವರ್ಗಗಳಾಗಿ ಬಾಳುತ್ತದೆ. ಮದುವೆಯಾಗಿ ಗಡಿ ದಾಟಿದ ಹೆಣ್ಣುಮಗಳು ಯಾವ ಪ್ರಮಾಣಪತ್ರಕ್ಕೆ ಅರ್ಹಳು, ಅವಳ ಮಕ್ಕಳು ಯಾವುದಕ್ಕೆ ಎಂಬ ತಿಳಿವಳಿಕೆ ತಾಂಡಾದ ಹಿರಿಯರಲ್ಲಿ ಅನುಭವದಿಂದ ಬೆಳೆದಿರುತ್ತದೆ. ವರ್ಗೀಕರಣದ ಸಮಸ್ಯೆಯ ಕುರಿತ ಸಮುದಾಯದ ಅರಿವು ಎಂದರೆ ಇದೇ.

ಕನ್ನಡದ ಮನೆಗಳಿಗೂ ಈ ಕಾಲಮಿನಲ್ಲಿ ಪಣವಿದೆ. ಜನಗಣತಿ ಮಾತೃಭಾಷೆಗೆ ಒಂದೇ ಉತ್ತರವನ್ನು ಬರೆದುಕೊಳ್ಳುತ್ತದೆ. ಬಲ್ಲ ಇತರ ಭಾಷೆಗಳಿಗೆ ಇನ್ನೆರಡು ಸ್ಥಾನಗಳಿವೆ. ಬಾಲ್ಯದಲ್ಲಿ ತಾಯಿ ಆಡಿದ ಮಾತು ಎಂಬುದು ಅದರ ಲಕ್ಷಣ. ತಾಯಿ ತೆಲುಗಿನ ಮನೆಯಿಂದ ಬಂದು ಅತ್ತೆಯ ಮನೆಯಲ್ಲಿ ಕನ್ನಡವಾಡುವವಳಾದರೆ? ಮನೆಯ ಮಾತು ಕನ್ನಡ, ಶಾಲೆಯದು ತೆಲುಗು, ಪೇಟೆಯದು ದಖನಿಯಾದರೆ? ಎಣಿಕೆದಾರ ಕೇಳಿದ ಕ್ಷಣದಲ್ಲಿ ಹೊಳೆದ ಒಂದು ಉತ್ತರ ದಾಖಲಾಗುತ್ತದೆ. ಸಂವಿಧಾನಕ್ಕೆ 1956ರಲ್ಲಿ ಸೇರಿದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣದ ಅನುಕೂಲ ಕಲ್ಪಿಸುವಂತೆ ಹೇಳುತ್ತದೆ. ಅದಕ್ಕೆ ಶಾಲೆಯಲ್ಲಿ 40 ಅಥವಾ ತರಗತಿಯಲ್ಲಿ 10 ಮಕ್ಕಳು ಎಂಬ ಅಳತೆ 1949ರ ಶಿಕ್ಷಣ ಸಚಿವರ ಸಮ್ಮೇಳನದಿಂದ ನಡೆದುಬಂದಿದೆ. ಒಂದು ಕೋಣೆಯಲ್ಲಿ ಒಂಬತ್ತು ಮಕ್ಕಳಿದ್ದಾರೆಯೇ ಹತ್ತು ಮಕ್ಕಳಿದ್ದಾರೆಯೇ ಎಂಬುದು ಅವರನ್ನು ಯಾವ ಭಾಷೆಯವರೆಂದು ಬರೆದುಕೊಂಡೆವು ಎಂಬುದರ ಮೇಲೆ ನಿಲ್ಲುತ್ತದೆ. ಗಡಿಯ ಕನ್ನಡ ಶಾಲೆಯ ಅಳಿವು ಉಳಿವು ಹೀಗೆ ಒಂದು ವ್ಯಾಖ್ಯೆಯೊಂದಿಗೆ ಕೂಡಿಕೊಂಡಿದೆ.

3. ನೆಲ: ಬಣ್ಣ, ಆಳ, ಹಕ್ಕು

ಭೂದಾಖಲೆಯ ಚರಿತ್ರೆ ಈ ತಕರಾರುಗಳನ್ನು ಇನ್ನಷ್ಟು ಸ್ಪಷ್ಟವಾಗಿ ತೋರಿಸುತ್ತದೆ. ಸಾಲಾರ್ ಜಂಗನ ಸುಧಾರಣೆಗಳ ಬಳಿಕ ಹೈದರಾಬಾದಿನ ಭೂಮಾಪನ ಮುಂಬಯಿ ಪದ್ಧತಿಯ ಜಾಡಿನಲ್ಲಿ ಸಾಗಿತು. ಆ ಪದ್ಧತಿಯಲ್ಲಿ ಮಣ್ಣಿನ ಬಣ್ಣ ಮತ್ತು ಆಳವನ್ನು ನೋಡಿ ಹೊಲಕ್ಕೆ ಆಣೆಯ ಲೆಕ್ಕದಲ್ಲಿ ಬೆಲೆ ಕಟ್ಟುತ್ತಿದ್ದರು. 1884ರಲ್ಲಿ ಪರ್ಷಿಯನ್ನಿನ ಸ್ಥಾನಕ್ಕೆ ಉರ್ದು ಆಡಳಿತ ಭಾಷೆಯಾಗಿ ಬಂದಿತು. 1317 ಫಸಲಿಯ ಭೂಕಂದಾಯ ಕಾಯ್ದೆಯ ಹೊತ್ತಿಗೆ ಖುಷ್ಕಿ, ತರಿ, ಬಾಗಾತ್ ಎಂಬ ವಿಭಾಗಗಳೂ, ನೀರಾವರಿ ನೆಲದ ಆಬಿ, ತಾಬಿ ಎಂಬ ಬೆಳೆಗಾಲಗಳೂ ಬರವಣಿಗೆಯಲ್ಲಿ ಗಟ್ಟಿಯಾಗಿ ಕೂತಿದ್ದವು.

ರೈತನ ಬಾಯಲ್ಲಿ ಬೇರೆಯ ಪದಗಳಿದ್ದವು. ಕನ್ನಡದಲ್ಲಿ ಎರೆ, ಮಸಾರಿ, ಮರಡಿ, ಸೌಳು. ತೆಲುಗಿನಲ್ಲಿ ರೇಗಡಿ, ಚೆಲಕ, ದುಬ್ಬ, ಚೌಡು. ಇವನ್ನು ಒಂದಕ್ಕೊಂದು ಸಮವೆಂದು ಎರಡು ಸಾಲುಗಳಲ್ಲಿ ಬರೆದುಬಿಡುವುದು ಸುಲಭ. ಎರೆ ಎಂದರೆ ರೇಗಡಿ, ಮಸಾರಿ ಎಂದರೆ ಚೆಲಕ ಎಂದು ದ್ವಿಭಾಷಾ ಕೋಶ ಹೇಳೀತು. ಆದರೆ ಒಂದು ಪದ ಬಣ್ಣವನ್ನು ಮುಂದಿಟ್ಟರೆ ಇನ್ನೊಂದು ಮರಳಿನ ಅಂಶವನ್ನು ಮುಂದಿಡುತ್ತದೆ. ಮರಡಿ ಮಣ್ಣಿನ ಜೊತೆಗೆ ನೆಲದ ಏರನ್ನೂ ಹೇಳುತ್ತದೆ. ಇವೆರಡು ಪೂರ್ಣವಾಗಿ ಸಮವೋ, ಹತ್ತಿರ ಮಾತ್ರವೋ ಎಂಬ ಪ್ರಶ್ನೆಯನ್ನು ಗಣಕದ ಪದಕೋಶ ಮಾನದಂಡಗಳೂ ಎದುರಿಸಿವೆ. ವರ್ಲ್ಡ್ ವೈಡ್ ವೆಬ್ ಒಕ್ಕೂಟ 2009ರಲ್ಲಿ ಅಂಗೀಕರಿಸಿದ ಸ್ಕಾಸ್ ಎಂಬ ಮಾದರಿ ‘ನಿಖರ ಸಮತೆ’ ಮತ್ತು ‘ನಿಕಟ ಸಮತೆ’ ಎಂಬ ಎರಡು ಬೇರೆ ಸಂಬಂಧಗಳನ್ನು ಇರಿಸಿಕೊಂಡಿದೆ. ಎರಡು ಭಾಷೆಗಳಲ್ಲಿ ಒಂದೇ ಹೊಲವನ್ನು ಉಳುವವರಿಗೆ ಈ ವ್ಯತ್ಯಾಸ ತಿಳಿಯದ್ದಲ್ಲ. ಗಮನಿಸಬೇಕಾದ ಇನ್ನೊಂದು ಸಂಗತಿಯೆಂದರೆ ಮಣ್ಣಿನ ವಿಜ್ಞಾನದ ಪಠ್ಯಗಳಲ್ಲಿರುವ ‘ರೇಗೂರ್’ ಎಂಬ ಮಾತು ತೆಲುಗಿನ ಹೊಲದಿಂದಲೇ ಹೋದದ್ದು. ಜನರ ವರ್ಗವೊಂದು ವಿಜ್ಞಾನದ ವರ್ಗವಾಗಬಲ್ಲದು. ಹಾಗಾಗುವಾಗ ಅದು ಬಂದ ಹೊಲದ ವಿವರ ಮಾತ್ರ ಹಿಂದೆ ಉಳಿಯುತ್ತದೆ.

ಹಕ್ಕಿನ ಪ್ರಶ್ನೆ ಮಣ್ಣಿನ ಪ್ರಶ್ನೆಗಿಂತ ಕಠಿನ. ಪೊಲೀಸ್ ಕಾರ್ಯಾಚರಣೆಯ ಬಳಿಕ 1954-55ರಲ್ಲಿ ಸಿದ್ಧವಾದ ಖಾಸ್ರಾ ಪಹಣಿ ತೆಲಂಗಾಣ ಭಾಗದ ಹಕ್ಕುದಾಖಲೆಗಳಿಗೆ ಇಂದಿಗೂ ಆಧಾರ. ಪಹಣಿಯಲ್ಲಿ ಪಟ್ಟಾದಾರನ ಹೆಸರಿಗೊಂದು ಕಾಲಂ, ನಿಜವಾಗಿ ಸಾಗುವಳಿ ಮಾಡುವ ಅನುಭವದಾರನ ಹೆಸರಿಗೊಂದು ಕಾಲಂ ಇದ್ದವು. ಕೋರುಪಾಲಿಗೆ ಉಳುವವನು, ಕೌಲಿಗೆ ಹಿಡಿದವನು, ಬಾಯಿಮಾತಿನ ಪಾಲಿನಲ್ಲಿ ಬೇರೆಯಾದ ತಮ್ಮ, ಇವರೆಲ್ಲ ಎರಡನೆಯ ಕಾಲಮಿನಿಂದಾಗಿ ಕಾಗದದ ಮೇಲೆ ಉಸಿರಾಡುತ್ತಿದ್ದರು. 2017ರ ಸೆಪ್ಟೆಂಬರಿನಲ್ಲಿ ತೆಲಂಗಾಣ ಸರ್ಕಾರ ಆರಂಭಿಸಿದ ಭೂದಾಖಲೆಗಳ ಪರಿಷ್ಕರಣೆಯಲ್ಲಿ ವಿವಾದವಿಲ್ಲದ ಜಮೀನುಗಳು ಎ ಭಾಗಕ್ಕೂ ವಿವಾದವಿರುವವು ಬಿ ಭಾಗಕ್ಕೂ ಸೇರಿದವು. 2020ರ ಹೊಸ ಕಾಯ್ದೆ ಮತ್ತು ಧರಣಿ ವ್ಯವಸ್ಥೆ ಬಂದಾಗ ಅನುಭವದಾರನ ಕಾಲಂ ಇಲ್ಲವಾಯಿತು. 2025ರಲ್ಲಿ ಭೂಭಾರತಿ ಕಾಯ್ದೆ ಅದರ ಸ್ಥಾನಕ್ಕೆ ಬಂದಿದೆ.

ಬಿ ಭಾಗದ ಕಥೆ ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದೆ. ಇಲ್ಲಿ ತಕರಾರಿಗೆ ದಾಖಲೆಯಲ್ಲಿ ಒಂದು ಸ್ಥಳ ದೊರೆಯಿತೆನ್ನಬಹುದು. ಆದರೆ ಅದು ತಕರಾರನ್ನು ಬೇರ್ಪಡಿಸಿ ಇಡುವ ಸ್ಥಳ, ಕೇಳಿಸಿಕೊಳ್ಳುವ ಸ್ಥಳವಲ್ಲ. ನ್ಯಾಯಾಲಯದ ವ್ಯಾಜ್ಯ, ಅರಣ್ಯ ಮತ್ತು ಕಂದಾಯದ ನಡುವಣ ಗಡಿ ಎಂಬಂಥ ಕೆಲವು ಶೀರ್ಷಿಕೆಗಳಿಗೆ ಕಾರಣಗಳು ಇಳಿದವು. ಎರಡು ಕಾಲಮುಗಳಿದ್ದಾಗ ದಾಖಲೆ ಗೋಜಲಾಗಿ ಕಂಡಿದ್ದು ನಿಜ. ಆ ಗೋಜಲು ದಾಖಲೆಯದಾಗಿರಲಿಲ್ಲ, ನೆಲದ ಸಂಬಂಧದ್ದೇ ಆಗಿತ್ತು. ಒಂದು ಕಾಲಂ ತೆಗೆದರೆ ಪುಟ ಸರಳವಾಗುತ್ತದೆ, ಹೊಲ ಸರಳವಾಗುವುದಿಲ್ಲ.

4. ಬೆಳೆಯೋ ಕಳೆಯೋ: ಜಹೀರಾಬಾದಿನ ಸಂಘಗಳು

ಇದುವರೆಗೆ ನೋಡಿದ್ದು ಮೇಲಿನಿಂದ ಬಂದ ಪಟ್ಟಿಗಳು. ತಕರಾರನ್ನು ಕಾಪಿಡುವ, ಹಂಚುವ ಕೆಲಸವನ್ನು ಸಮುದಾಯವೇ ಕೈಗೆತ್ತಿಕೊಂಡ ನಿದರ್ಶನವೂ ಇದೇ ಸೀಮೆಯಲ್ಲಿದೆ. ಜಹೀರಾಬಾದಿನ ಬಳಿಯ ಪಸ್ತಾಪುರದಲ್ಲಿ 1983ರಲ್ಲಿ ಆರಂಭವಾದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಸುತ್ತಲಿನ ಹಳ್ಳಿಗಳ ಮಹಿಳೆಯರ, ಮುಖ್ಯವಾಗಿ ದಲಿತ ಮಹಿಳೆಯರ, ಸಂಘಗಳೊಂದಿಗೆ ಬೆಳೆಯಿತು. ಅದರ ಸ್ಥಾಪಕರಲ್ಲೊಬ್ಬರಾದ ಪಿ.ವಿ. ಸತೀಶ್ 1945ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು. ದೂರದರ್ಶನದಲ್ಲಿ ದುಡಿದು ಈ ಕೆಲಸಕ್ಕೆ ಬಂದು, 2023ರ ಮಾರ್ಚಿನಲ್ಲಿ ನಿಧನರಾಗುವವರೆಗೂ ಇಲ್ಲಿಯೇ ನೆಲೆನಿಂತರು.

ಸಂಘದ ಮಹಿಳೆಯರಲ್ಲಿ ಅನೇಕರಿಗೆ ದೊರೆತಿದ್ದು ಕಂದಾಯದ ಭಾಷೆಯಲ್ಲಿ ಬೀಳೆನಿಸಿಕೊಂಡ, ಸತ್ವಗುಂದಿದ ನೆಲ. ಅವರು ಅದರಲ್ಲಿ ಜೋಳ, ಸಜ್ಜೆ, ನವಣೆ, ಸಾಮೆ, ತೊಗರಿ, ಹೆಸರು, ಅಗಸೆ ಮೊದಲಾದ ಹತ್ತಾರು ಬೆಳೆಗಳನ್ನು ಒಟ್ಟಿಗೆ ಬೆಳೆದರು. ಇಂಥ ಹೊಲವನ್ನು ಅಂಕಿಅಂಶಕ್ಕೆ ಇಳಿಸುವಾಗ ‘ಮುಖ್ಯ ಬೆಳೆ ಯಾವುದು, ಮಿಶ್ರ ಬೆಳೆ ಯಾವುದು’ ಎಂಬ ಪ್ರಶ್ನೆ ಏಳುತ್ತದೆ. ಅಕ್ಕಡಿ ಸಾಲು ಹಾಕಿ ಬೆಳೆಯುವವಳಿಗೆ ಆ ಪ್ರಶ್ನೆಗೆ ಅರ್ಥವಿಲ್ಲ. ಒಂದು ಮಳೆ ಕೈಕೊಟ್ಟರೆ ಒಂದು, ಇನ್ನೊಂದು ಕೈಕೊಟ್ಟರೆ ಇನ್ನೊಂದು ಉಳಿಯಲಿ ಎಂಬುದೇ ಆ ಕೂಡುಬಿತ್ತನೆಯ ತಿರುಳು. ಅವಳ ಲೆಕ್ಕದಲ್ಲಿ ಘಟಕ ಬೆಳೆಯಲ್ಲ, ಬೆಳೆಗಳ ಕೂಟ.

ಹಿಂಗಾರಿನಲ್ಲಿ ನೀರಾವರಿಯಿಲ್ಲದೆ, ನೆಲದ ಹಸಿ ಮತ್ತು ಇಬ್ಬನಿಯ ಬಲದಲ್ಲಿ ಬೆಳೆಯುವವನ್ನು ಈ ಸೀಮೆಯವರು ‘ಸತ್ಯಂ ಪಂಟಲು’ ಎನ್ನುತ್ತಾರೆ: ಸತ್ಯದ ಬೆಳೆಗಳು. ಕೃಷಿ ವಿಶ್ವವಿದ್ಯಾಲಯದ ಯಾವ ವರ್ಗೀಕರಣಕ್ಕೂ ಇದು ಪೂರ್ತಿ ಒಗ್ಗುವುದಿಲ್ಲ. ಇದು ಸಸ್ಯಕುಲದ ವರ್ಗವಲ್ಲ, ಋತುವಿನ ವರ್ಗ ಮಾತ್ರವೂ ಅಲ್ಲ. ನೆಲ, ಗಾಳಿ, ಬೆಳೆಯುವವನ ನಡತೆ ಇವುಗಳ ನಡುವಣ ಒಪ್ಪಂದವನ್ನು ಹೇಳುವ ವರ್ಗ. ‘ಹಿಂಗಾರು ಮಳೆಯಾಶ್ರಿತ ಬೆಳೆ’ ಎಂದು ಅನುವಾದಿಸಿದರೆ ಪಟ್ಟಿಗೆ ಸೇರುತ್ತದೆ, ಅರ್ಥ ಹೊರಗುಳಿಯುತ್ತದೆ.

ಕಳೆಯ ವಿಷಯ ಇನ್ನೂ ಸ್ವಾರಸ್ಯಕರ. ಬಿತ್ತದೆ ಹುಟ್ಟುವ ಸೊಪ್ಪುಗಳು ಬಡವರ ಊಟದಲ್ಲಿ ಎಷ್ಟು ದೊಡ್ಡ ಪಾಲೆಂಬುದನ್ನು ಈ ಸಂಘಗಳ ಅನುಭವ ಎತ್ತಿ ತೋರಿಸಿತು. ಕನ್ನಡದ ಹೊನಗೊನೆ ತೆಲುಗಿನಲ್ಲಿ ಪೊನ್ನಗಂಟಿ. ನಮ್ಮ ಗೋಳಿಪಲ್ಯ ಅಲ್ಲಿ ಪಾಯಲ ಕೂರ. ಕಳೆನಾಶಕದ ಡಬ್ಬಿಯ ಮೇಲಿನ ಪಟ್ಟಿಗೆ ಇವು ಕಳೆಗಳು; ಕಳೆ ಕೀಳಲು ಹೋದ ಹೆಂಗಸಿನ ಮಡಿಲಲ್ಲಿ ಇವು ಸಂಜೆಯ ಪಲ್ಯ. ಎಳೆಯದಿರುವಾಗ ಪಲ್ಯ, ಬಲಿತ ಮೇಲೆ ದನದ ಮೇವು, ಬೆಳೆಯನ್ನು ಮೀರಿ ಬೆಳೆದರೆ ಕಳೆ. ಒಂದೇ ಗಿಡ ಒಂದೇ ಹಂಗಾಮಿನಲ್ಲಿ ಮೂರು ವರ್ಗಗಳನ್ನು ಹಾದುಹೋಗುತ್ತದೆ. ವಸ್ತುವಿಗೆ ಶಾಶ್ವತ ವರ್ಗವಿದೆಯೆಂದು ನಂಬಿದ ಮಾದರಿಗೆ ಇದು ತೊಡಕು. ಹೊಲದಲ್ಲಿ ನಿಂತವಳಿಗೆ ನಿತ್ಯದ ತಿಳಿವಳಿಕೆ.

ವರ್ಗದ ಹೆಸರಿಗೆ ಬೆಲೆಯೂ ಅಂಟಿಕೊಳ್ಳುತ್ತದೆ. ನವಣೆ, ಸಾಮೆ, ಸಜ್ಜೆಗಳು ಸರ್ಕಾರಿ ಭಾಷೆಯಲ್ಲಿ ಬಹುಕಾಲ ‘ಒರಟು ಧಾನ್ಯ’ಗಳಾಗಿದ್ದವು. 2013ರ ಆಹಾರ ಭದ್ರತಾ ಕಾಯ್ದೆ ಅಕ್ಕಿಗೆ ಮೂರು, ಗೋಧಿಗೆ ಎರಡು, ಒರಟು ಧಾನ್ಯಕ್ಕೆ ಒಂದು ರೂಪಾಯಿ ನಿಗದಿಮಾಡಿತು. 2018ರಲ್ಲಿ ಕೇಂದ್ರ ಸರ್ಕಾರ ಅವನ್ನು ‘ಪೌಷ್ಟಿಕ ಧಾನ್ಯ’ಗಳೆಂದು ಅಧಿಸೂಚಿಸಿತು, 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾಯಿತು. ಕಾಳು ಬದಲಾಗಲಿಲ್ಲ, ಕಾಲಂ ಬದಲಾಯಿತು. ಜಹೀರಾಬಾದಿನ ಸಂಘಗಳು 1990ರ ದಶಕದಲ್ಲಿಯೇ ಸ್ಥಳೀಯ ಜೋಳವನ್ನು ಆಧರಿಸಿದ ಪರ್ಯಾಯ ಪಡಿತರ ವ್ಯವಸ್ಥೆಯನ್ನು ನಡೆಸಿದ್ದವು. ಒರಟೆಂಬ ವರ್ಗಕ್ಕೆ ಅವರ ತಕರಾರು ಸರ್ಕಾರದ ತಿದ್ದುಪಡಿಗಿಂತ ಎರಡು ದಶಕ ಹಿರಿದು.

ಈ ಅರಿವನ್ನು ಅವರು ಉಳಿಸಿಕೊಂಡ ಬಗೆ ನಮ್ಮ ವಿಚಾರಕ್ಕೆ ಮುಖ್ಯ. ಬೀಜವನ್ನು ಬೂದಿ, ಬೇವಿನೆಲೆಗಳೊಂದಿಗೆ ಬುಟ್ಟಿಗಳಲ್ಲಿ ಕಾಪಿಟ್ಟು, ಬೇಡಿದವರಿಗೆ ಕೊಟ್ಟು, ಕೊಟ್ಟದ್ದಕ್ಕಿಂತ ಹೆಚ್ಚಾಗಿ ಹಿಂದೆ ಪಡೆಯುವ ಕ್ರಮದಲ್ಲಿ ಬೀಜದ ಜೊತೆಗೆ ಅದರ ಗುಣದೋಷದ ಮಾತೂ ಕೈಬದಲಾಯಿಸುತ್ತದೆ. ಸಂಕ್ರಾಂತಿಯ ಹೊತ್ತಿಗೆ ಹೊರಡುವ ಜೀವವೈವಿಧ್ಯ ಜಾತ್ರೆಯಲ್ಲಿ ಎತ್ತಿನ ಬಂಡಿಗಳು ಬೀಜಗಳನ್ನು ಹೊತ್ತು ಊರೂರು ಸುತ್ತುತ್ತವೆ. ಊರವರು ಕೂತು ಯಾವುದು ಬಂತು, ಯಾವುದು ಹೋಯಿತು ಎಂದು ಮಾತನಾಡುತ್ತಾರೆ. 2008ರ ಅಕ್ಟೋಬರ್ 15ರಂದು ಮಾಚನೂರಿನಲ್ಲಿ ಪ್ರಸಾರ ಆರಂಭಿಸಿದ ಸಂಘಂ ರೇಡಿಯೊ ಅದೇ ಮಾತನ್ನು ಗಾಳಿಗೆ ಬಿಟ್ಟಿತು. ಸಂಘದ ಮಹಿಳೆಯರೇ ಕ್ಯಾಮೆರಾ ಹಿಡಿದು ಚಿತ್ರಗಳನ್ನು ಮಾಡಿದರು. 2019ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಈ ಕೆಲಸಕ್ಕೆ ಸಂದಿತು. ಬೀಜ, ಜಾತ್ರೆ, ರೇಡಿಯೊ, ಚಿತ್ರ ಇವು ನಾಲ್ಕೂ ಪಟ್ಟಿಗಳಲ್ಲ, ಸಂವಾದಗಳು. ತಕರಾರು ಬದುಕುವುದು ಸಂವಾದದಲ್ಲಿ.

5. ಏನನ್ನು ಉಳಿಸಬೇಕು?

ಸಾಂಪ್ರದಾಯಿಕ ಅರಿವನ್ನು ಕಾಪಾಡಲು ಭಾರತ ಮಾಡಿದ ಎರಡು ದೊಡ್ಡ ಪ್ರಯತ್ನಗಳನ್ನು ಇಲ್ಲಿ ನೆನೆಯಬೇಕು. ಅರಿಶಿನದ ಮೇಲಿನ ಅಮೆರಿಕದ ಪೇಟೆಂಟ್ 1997ರಲ್ಲಿ ರದ್ದಾದ ಬಳಿಕ, 2001ರಿಂದ ರೂಪುಗೊಂಡ ಸಾಂಪ್ರದಾಯಿಕ ಜ್ಞಾನದ ಡಿಜಿಟಲ್ ಗ್ರಂಥಾಲಯ ಆಯುರ್ವೇದ, ಯುನಾನಿ, ಸಿದ್ಧ ಗ್ರಂಥಗಳ ಯೋಗಗಳನ್ನು ವರ್ಗೀಕರಿಸಿ ಐದು ವಿದೇಶಿ ಭಾಷೆಗಳಲ್ಲಿ ಪೇಟೆಂಟ್ ಕಚೇರಿಗಳಿಗೆ ಒದಗಿಸಿತು. ಕಳ್ಳತನ ತಡೆಯುವ ಉದ್ದೇಶಕ್ಕೆ ಅದು ಸಮರ್ಥವಾದ ಸಾಧನ. ಆದರೆ ಅದರ ಆಕರ ಬರಹದ ಪರಂಪರೆ. ಬಾಯಿಮಾತಿನ ಸತ್ಯಂ ಪಂಟಲು ಅದರ ಮಾದರಿಗೆ ನಿಲುಕುವಂಥದ್ದಲ್ಲ. 2002ರ ಜೀವವೈವಿಧ್ಯ ಕಾಯ್ದೆಯ ಅಡಿಯಲ್ಲಿ ಪ್ರತಿ ಸ್ಥಳೀಯ ಸಂಸ್ಥೆಯ ಸಮಿತಿ ತಯಾರಿಸಬೇಕಾದ ಜನತಾ ಜೀವವೈವಿಧ್ಯ ದಾಖಲಾತಿ ಬಾಯಿಮಾತಿಗೆ ಹತ್ತಿರವಾದದ್ದು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ವಿಧಿಸಿದ 2020ರ ಜನವರಿಯ ಗಡುವಿನ ಒತ್ತಡದಲ್ಲಿ ಅನೇಕ ಕಡೆ ಅದು ನಮೂನೆ ತುಂಬುವ ಕೆಲಸವಾಗುವ ಅಪಾಯ ಎದುರಾಯಿತು. ಸ್ಥಳೀಯ ಹೆಸರಿಗೆ ಒಂದು ಮನೆ, ವೈಜ್ಞಾನಿಕ ಹೆಸರಿಗೆ ಒಂದು ಮನೆ ಇರುವ ನಮೂನೆಯಲ್ಲಿ ದ್ವಿಭಾಷಿಕ ಊರಿನ ಎರಡು ಹೆಸರುಗಳ ನಡುವಣ ವ್ಯತ್ಯಾಸ ಎಲ್ಲಿಗೆ ಹೋಗಬೇಕು?

ಪದಸಂಗ್ರಹದ ಪರಂಪರೆಯಲ್ಲಿ ತೆಲುಗಿಗೆ ಒಂದು ಅಪೂರ್ವ ಆಸ್ತಿಯಿದೆ. ಭದ್ರಿರಾಜು ಕೃಷ್ಣಮೂರ್ತಿಯವರು ಸಂಪಾದಿಸಿದ ಮಾಂಡಲಿಕ ವೃತ್ತಿ ಪದಕೋಶದ ವ್ಯವಸಾಯ ಸಂಪುಟ 1962ರಲ್ಲಿ ಪ್ರಕಟವಾಯಿತು. ಜಿಲ್ಲೆ ಜಿಲ್ಲೆಯ ರೈತರ ಬಾಯಿಂದ ಪದಗಳನ್ನು ಸಂಗ್ರಹಿಸಿ ಯಾವ ಪದ ಎಲ್ಲಿಯದೆಂದು ಗುರುತಿಸಿದ ಆ ಕೋಶ ತೆಲುಗಿನದು. ತಾಂಡೂರು, ನಾರಾಯಣಖೇಡಗಳ ಕನ್ನಡ ರೈತನ ಪದ ಅದರ ವ್ಯಾಪ್ತಿಗೆ ಸೇರಿದ್ದಲ್ಲ. ಗಡಿಯ ಈಚೆ ಉಳಿದ ಕನ್ನಡ ಕರ್ನಾಟಕದ ಸಮೀಕ್ಷೆಗೂ ಸುಲಭವಾಗಿ ಸಿಗುವುದಿಲ್ಲ. ಭಾಷೆಗೊಂದು ಕೋಶ ಎಂಬ ಮಾದರಿಯಲ್ಲಿ ಎರಡು ಭಾಷೆಯ ಹೊಲ ನಡುವೆ ಬಿದ್ದುಹೋಗುತ್ತದೆ.

ಆದ್ದರಿಂದ ಈ ಸೀಮೆಯಲ್ಲಿ ಕೆಲಸ ಮಾಡುವ ಸಂಶೋಧಕರು ಪದಕೋಶದ ಜೊತೆಗೆ ಒಂದು ತಕರಾರು ಪುಸ್ತಕವನ್ನೂ ಕಟ್ಟಬೇಕೆಂದು ನನ್ನ ಸೂಚನೆ. ಅದರ ಪ್ರತಿ ನಮೂದಿನಲ್ಲಿ ನಾಲ್ಕು ಸಂಗತಿಗಳಿದ್ದರೆ ಸಾಕು: ಯಾವ ವರ್ಗದ ಬಗ್ಗೆ ಪ್ರಶ್ನೆ ಎದ್ದಿತು, ಪ್ರಶ್ನೆ ಎತ್ತಿದವರು ಯಾವ ಸ್ಥಾನದಲ್ಲಿ ನಿಂತು ಎತ್ತಿದರು, ಅಂದರೆ ಉಳುವವರೋ, ಮಾರುವವರೋ, ಬರೆಯುವವರೋ, ದಾಖಲೆ ಕೊನೆಗೆ ಯಾವ ತೀರ್ಮಾನಕ್ಕೆ ಬಂದಿತು, ಆ ತೀರ್ಮಾನದಿಂದ ಯಾರಿಗೆ ಏನಾಯಿತು. ಗೋಳಿ ಪಲ್ಯವೋ ಕಳೆಯೋ, ಎರೆ ಮತ್ತು ರೇಗಡಿ ಸಮವೋ ಹತ್ತಿರವೋ, ಗಡಿ ದಾಟಿದ ಸೊಸೆಯ ಜಾತಿ ಯಾವುದು, ಕೌಲುದಾರನ ಹೆಸರು ಎಲ್ಲಿ ಎಂಬ ನಮೂದುಗಳು ಅದರಲ್ಲಿ ಅಕ್ಕಪಕ್ಕದಲ್ಲಿ ಕೂರಬೇಕು. ಗಣಕದವರು ತಮ್ಮ ಮಾದರಿಗಳ ಸಾಮಾನ್ಯ ದೋಷಗಳನ್ನೂ ಪರಿಹಾರಗಳನ್ನೂ ಹೀಗೆಯೇ ಪಟ್ಟಿಮಾಡಿ ಪರಸ್ಪರ ಹಂಚಿಕೊಳ್ಳುತ್ತಾರೆ. ಮುಂದಿನವರು ಅದೇ ಕಡೆ ಎಡವದಿರಲಿ ಎಂಬುದು ಅದರ ಉದ್ದೇಶ. ಹಳ್ಳಿಯವರಿಗೆ ಅದೇ ಅವಕಾಶ ಏಕಿರಬಾರದು?

ಇಲ್ಲಿ ಎರಡು ಎಚ್ಚರಗಳು ಅಗತ್ಯ. ತಕರಾರು ಎಂದರೆ ಕೆಲವೊಮ್ಮೆ ಜೀವಂತ ವ್ಯಾಜ್ಯ. ಅದನ್ನು ಹೆಸರು, ಸರ್ವೆ ನಂಬರುಗಳೊಂದಿಗೆ ಹೊರಗಿಟ್ಟರೆ ಬಲಹೀನರಿಗೇ ಕೇಡಾದೀತು. ಮೂಲನಿವಾಸಿ ಸಮುದಾಯಗಳ ಮಾಹಿತಿಯ ಕುರಿತು 2019ರಲ್ಲಿ ರೂಪುಗೊಂಡ ಕೇರ್ ತತ್ತ್ವಗಳು ಸಾಮೂಹಿಕ ಪ್ರಯೋಜನ, ನಿಯಂತ್ರಣದ ಅಧಿಕಾರ, ಹೊಣೆ, ನೈತಿಕತೆ ಎಂಬ ನಾಲ್ಕನ್ನು ಮುಂದಿಟ್ಟಿದ್ದು ಈ ಕಾರಣಕ್ಕಾಗಿಯೇ. ಏನನ್ನು ಹಂಚಬೇಕು, ಏನನ್ನು ಊರಿನಲ್ಲಿಯೇ ಇರಿಸಬೇಕು ಎಂಬುದನ್ನು ಊರವರೇ ಹೇಳಬೇಕು. ಎರಡನೆಯದಾಗಿ, ಪುಸ್ತಕ ಇಂಗ್ಲಿಷಿನಲ್ಲಿ ಮಾತ್ರ ಇದ್ದರೆ ಅದು ಊರಿಗೆ ಮರಳುವುದಿಲ್ಲ. ಕನ್ನಡ, ತೆಲುಗು ಎರಡು ಲಿಪಿಗಳಲ್ಲಿಯೂ, ಓದಲಾಗದವರಿಗೆ ಧ್ವನಿಯಾಗಿಯೂ ಅದು ಇರಬೇಕು. ಮಾಚನೂರಿನ ರೇಡಿಯೊ ಇದು ಸಾಧ್ಯವೆಂದು ಈಗಾಗಲೇ ತೋರಿಸಿದೆ.

ಮುಂದಿನ ಜನಗಣತಿಗೆ 2027ರ ಮಾರ್ಚ್ 1 ಉಲ್ಲೇಖ ದಿನ. ಈ ಬಾರಿ ಎಣಿಕೆದಾರರ ಕೈಯಲ್ಲಿ ಕಾಗದದ ಬದಲು ಡಿಜಿಟಲ್ ಸಾಧನವಿರುತ್ತದೆ. ಜಾತಿಯೂ ಎಣಿಕೆಗೆ ಬರುತ್ತದೆ. ಬಶೀರಾಬಾದಿನ ಮನೆಯ ಬಾಗಿಲಲ್ಲಿ ಮಾತೃಭಾಷೆ ಯಾವುದೆಂಬ ಪ್ರಶ್ನೆ ಮತ್ತೊಮ್ಮೆ ಕೇಳಿಬರುತ್ತದೆ. ಮನೆಯವರು ಒಮ್ಮೆ ಒಬ್ಬರ ಮುಖ ಒಬ್ಬರು ನೋಡಿ, ಮನೆಯ ಮಾತನ್ನೂ ಶಾಲೆಯ ಮಾತನ್ನೂ ತೂಗಿ, ಒಂದು ಹೆಸರು ಹೇಳುತ್ತಾರೆ. ಆ ಒಂದು ಹೆಸರು ದಿಲ್ಲಿಗೆ ಹೋಗುತ್ತದೆ. ಹೇಳುವ ಮುನ್ನ ಅವರು ತೂಗಿ ನೋಡಿದ್ದನ್ನು ಬರೆದಿಟ್ಟುಕೊಳ್ಳುವ ಕೆಲಸ ನಮ್ಮಂಥ ಕೇಂದ್ರಗಳಿಗೆ ಉಳಿದಿದೆ.